ಎದುರುಮನೆಯ ಸೋಫಾ ಮತ್ತು ಮರಿತಾಯಮ್ಮನವರ ವರ್ಗ

ಸ್ವಯಂಘೋಷಿತ ವರ್ಗ ನಿರ್ಣಯ ಇಲಾಖೆ, ಮಂಡ್ಯ

ಸಂಖ್ಯೆ: ಸ್ವವನಿ/ಮದ್ದೂರು/ಸೋಫಾ/17/2025-26

ವಿಷಯ: ಚಿಕ್ಕರಸಿನಕೆರೆಯ ಶ್ರೀಮತಿ ಮರಿತಾಯಮ್ಮನವರು ಒಂದೇ ಬೆಳಗ್ಗೆ ಶ್ರೀಮಂತರೂ ಬಡವರೂ ಆಗಿ, ಬಿಪಿಎಲ್ ಕಾರ್ಡು ಕಳೆದುಕೊಂಡಿರುವ ಬಗ್ಗೆ.

ಉಲ್ಲೇಖ: 1) ಗಣತಿದಾರ ಶ್ರೀಕರ ಮೇಷ್ಟ್ರ ವರದಿ. 2) ಸದರಿ ಮರಿತಾಯಮ್ಮನವರು ಕಚೇರಿ ಬಾಗಿಲಲ್ಲಿ ನಿಂತು ಸಲ್ಲಿಸಿದ ಬಾಯಿಮಾತಿನ ಅರ್ಜಿ.

ತಾಲ್ಲೂಕಿನ ಗಣತಿಯಲ್ಲಿ ಕಬ್ಬಿನ ಗದ್ದೆಯ ಒಡೆಯರೂ ಅದೇ ಗದ್ದೆಯಲ್ಲಿ ಕಬ್ಬು ಕಡಿಯುವವರೂ ತಮ್ಮನ್ನು ‘ಮಧ್ಯಮ ವರ್ಗ’ ಎಂದೇ ಬರೆಸಿದ್ದು, ಮೇಲೂ ಕೆಳಗೂ ಯಾರೂ ಸಿಗದೆ ಇಲಾಖೆಯ ತಲೆ ಕೆಟ್ಟಿರುತ್ತದೆ.

ಹೀಗಿರಲು, ಕೂಲಿ ಮಾಡುವ ಮರಿತಾಯಮ್ಮನವರು ಮಗಳು ಗಗನಳನ್ನು ನೋಡಲು ಮಳವಳ್ಳಿಯ ಗಂಡಿನವರು ಬರುತ್ತಾರೆಂದು ಎದುರುಮನೆ ದೇವರಾಜು ಅವರ ಸೋಫಾ ತರಿಸಿ ಹಾಕಿ, ದಾರಿ ನೋಡುತ್ತಾ ಕೂತಿದ್ದರು. ಮೊದಲು ಬಂದವರು ಇಸ್ತ್ರಿ ಷರಟಿನ ಶ್ರೀಕರ ಮೇಷ್ಟ್ರು. ಇವರೇ ಗಂಡಿನ ಕಡೆಯ ಹಿರಿಯರೆಂದು ಭಾವಿಸಿ, “ನಮ್ಗೇನು ಕಮ್ಮಿ ಬುಡಿ ಸ್ವಾಮಿ, ಗದ್ದೆ, ಫ್ರಿಜ್ಜು, ಕಾರು ಎಲ್ಲಾ ಅವೆ” ಎಂದು ಹೇಳಿಕೆ ನೀಡಲಾಗಿದೆ. ಮೇಷ್ಟ್ರು ಗೋಡಂಬಿ ಹಾಕಿದ ಉಪ್ಪಿಟ್ಟು ತಿಂದು, ಅಷ್ಟನ್ನೂ ಬರೆದುಕೊಂಡು ಹೋಗಿರುತ್ತಾರೆ.

ತರುವಾಯ ಜಾತಕದ ಫೈಲು ಕಂಕುಳಲ್ಲಿಟ್ಟು ಗಂಡಿನವರು ಬರಲು, ಊರಲ್ಲಿ ತಿರುಗುತ್ತಿರುವ ಗಣತಿಯವರು ಇವರೇ ಎಂದು ತಿಳಿದು, “ಈ ಸೋಫಾನೂ ನಮ್ದಲ್ಲ ಕಣಮ್ಮ, ಅಕ್ಕಿ ನಿಲ್ಸಿಬುಟ್ರೆ ಉಪಾಸ ಬೀಳ್ತೀವಿ” ಎಂದು ಅಳಲಾಗಿದೆ. ಗಂಡಿನ ತಾಯಿ ಅಂಕಮ್ಮನವರು, “ನಾವು ಬಂದ ಕಾರೂ ಬಾಡ್ಗೆದೇ ಕಣವ್ವ. ಎಣ್ಣು ಒಪ್ಗೆ” ಎಂದಿದ್ದಾರೆ. ಸಂಬಂಧ ಕುದುರಿತು, ಕಾರ್ಡು ಹೋಯಿತು.

ಆದ್ದರಿಂದ ಎಲ್ಲರ ಗಮನಕ್ಕೆ ತರಲಾಗುವುದೇನೆಂದರೆ:

1. ಬೀಗರ ಮುಂದೆ ಕೊಚ್ಚಿಕೊಂಡದ್ದನ್ನೂ ಗಣತಿದಾರರ ಮುಂದೆ ಅತ್ತದ್ದನ್ನೂ ಕೂಡಿಸಿ ಎರಡರಿಂದ ಭಾಗಿಸತಕ್ಕದ್ದು. ಬಂದದ್ದೇ ಮಧ್ಯಮ ವರ್ಗ.

2. ಸದರಿ ಸೋಫಾ ಹನ್ನೊಂದು ಮನೆಗಳ ಹೆಣ್ಣು ನೋಡುವ ಶಾಸ್ತ್ರದಲ್ಲಿ ಕಂಡುಬಂದು, ಹನ್ನೊಂದು ಕುಟುಂಬಗಳು ಅನುಕೂಲಸ್ಥರೆಂದು ದಾಖಲಾಗಿವೆ. ಇನ್ನು ಮುಂದೆ ಸೋಫಾ ಬೀದಿ ದಾಟುವಾಗ ಇಲಾಖೆಯ ಒಬ್ಬರು ಜೊತೆಗೆ ನಡೆಯತಕ್ಕದ್ದು. ಅದು ವಾಪಸು ಬರುವವರೆಗೆ ನೆಲದ ಮೇಲೆ ಕೂರುವ ದೇವರಾಜು ಅವರನ್ನು ಬಡವರೆಂದು ಪರಿಗಣಿಸಲಾಗುವುದು.

3. ಉಪ್ಪಿಟ್ಟಿನಲ್ಲಿ ಗೋಡಂಬಿ ಕಂಡರೆ, ಅದು ಯಾರಿಗಾಗಿ ಮಾಡಿದ್ದೆಂದು ತಿನ್ನುವ ಮೊದಲೇ ವಿಚಾರಿಸತಕ್ಕದ್ದು.

4. ಮರಿತಾಯಮ್ಮನವರಿಗೆ ಕಾರಿಲ್ಲವೆಂದು ಖುದ್ದು ನೋಡಿ ಖಚಿತಪಡಿಸಿಕೊಳ್ಳಲಾಗಿದೆ. ಆದರೆ ಕಡತಕ್ಕೆ ಹತ್ತಿದ ಕಾರನ್ನು ಇಳಿಸಲು ನಿಯಮದಲ್ಲಿ ಅವಕಾಶವಿಲ್ಲ. ಗಗನಳ ಮದುವೆಯವರೆಗೆ ಸದರಿಯವರು ಶ್ರೀಮಂತರಾಗಿಯೇ ಇರತಕ್ಕದ್ದು. ಮದುವೆಯ ಮಾರನೆಯ ದಿನ ಕಾರ್ಡು ಹಿಂತಿರುಗಿಸಲಾಗುವುದು. ಅಂದು ಬಡತನಕ್ಕೆ ಬೇರೆ ಪುರಾವೆ ಕೇಳತಕ್ಕದ್ದಲ್ಲ.

ಸಹಿ/-
(ಅನಂತರಾಮು)
ಉಪ ನಿರ್ದೇಶಕರು, ಮಧ್ಯಮ ವರ್ಗ ವಿಭಾಗ

ಪ್ರತಿಗಳು:
ನ್ಯಾಯಬೆಲೆ ಅಂಗಡಿಗೆ, ಅಕ್ಕಿ ತಡೆಹಿಡಿಯಲು.
ಶ್ರೀಕರ ಮೇಷ್ಟ್ರಿಗೆ, ಉಪ್ಪಿಟ್ಟಿನ ಬಗ್ಗೆ ವಿವರಣೆ ಕೋರಿ.
ಮಳವಳ್ಳಿಯ ಶ್ರೀಮತಿ ಅಂಕಮ್ಮನವರಿಗೆ, ಲಗ್ನ ಬೇಗ ಇಡಿಸುವಂತೆ ವಿನಂತಿಸಿ. ಅಲ್ಲಿಯತನಕ ಬೀಗಿತ್ತಿಯವರ ಮನೆಯಲ್ಲಿ ಅಕ್ಕಿ ಇರುವುದಿಲ್ಲ.