ಯಾರದದು, ಮುಂದೆ ಬಾ!

ಡ್ರಿಲ್ ಮೇಷ್ಟ್ರಿಗೆ ಇನ್ನೂ ಗಾಳಿ ಹೋಗಿರಲಿಲ್ಲ. ಆ ಒಂದೇ ಕಾರಣಕ್ಕೆ ಇಡೀ ವಾರ್ಡು ಉಸಿರು ಬಿಗಿಹಿಡಿದು ಕೂತಿತ್ತು.

ಕೆಟ್ಟುಹೋದ ಒಂದು ತುಂಡು ಕರುಳನ್ನು ತೆಗೆದು, ಉಳಿದದ್ದನ್ನು ಜೋಡಿಸಿ ಹೊಲಿದಿದ್ದರು. ಹೊಲಿಗೆಯೇನೋ ಚೆನ್ನಾಗಿ ಕೂತಿತ್ತು. ಆದರೆ ಮಲಗಿದ ಕರುಳು ಎದ್ದಿರಲಿಲ್ಲ. ಎದ್ದಿತು ಅನ್ನುವುದಕ್ಕೆ ಗುರುತು ಒಂದೇ, ಗಾಳಿ ಹೋಗಬೇಕು. ಅಲ್ಲಿಯವರೆಗೆ ತುತ್ತು ಅನ್ನವಿಲ್ಲ, ಗುಟುಕು ಕಾಫಿಯಿಲ್ಲ, ಮೂಗಿನ ಟ್ಯೂಬಿಗೆ ಬಿಡುಗಡೆಯಿಲ್ಲ. ಬೆಳಗ್ಗೆ ಡಾಕ್ಟರು ಮಂಚದ ಕಂಬಿ ಹಿಡಿದು ನಿಂತು ಹೇಳಿಬಿಟ್ಟಿದ್ದರು.

“ಸಂಜೆವರೆಗೂ ನೋಡೋಣ ಮೇಷ್ಟ್ರೇ. ಆಗ್ಲಿಲ್ಲಾಂದ್ರೆ ಮತ್ತೆ ಹೊಟ್ಟೆ ಕೊಯ್ದು ನೋಡಬೇಕಾಗತ್ತೆ. ನಡೀರಿ, ಚೆನ್ನಾಗಿ ನಡೀರಿ. ನಡೆದಷ್ಟೂ ಕರುಳು ಬೇಗ ಏಳತ್ತೆ.”

ಮತ್ತೆ ಹೊಟ್ಟೆ ಕೊಯ್ಯುವುದು! ಜೀವದ ಭಯ ಏನೆಂದು ಮೇಷ್ಟ್ರಿಗೆ ಅದುವರೆಗೆ ಗೊತ್ತಿರಲಿಲ್ಲ. ನೆಗಡಿಯೂ ಅವರ ಹತ್ತಿರ ಬರಲು ಹೆದರುತ್ತಿತ್ತು. ಅರ್ಧ ಆಯುಷ್ಯ ಶಾಲೆಯ ಮೈದಾನದಲ್ಲೇ ಕಳೆದವರು. “ಮೈ ನಮ್ಮ ಮಾತು ಕೇಳಬೇಕು, ನಾವು ಮೈ ಮಾತು ಕೇಳಬಾರದು” ಎಂದು ಊರ ಮಕ್ಕಳಿಗೆಲ್ಲ ಬುದ್ಧಿ ಹೇಳಿದವರು. ಈಗ ಮೈ ಅವರ ಮಾತು ಕೇಳುತ್ತಿರಲಿಲ್ಲ. ಕೆಮ್ಮು ಬಂದರೆ ಹೊಟ್ಟೆಗೆ ದಿಂಬು ಅವುಚಿಕೊಳ್ಳಬೇಕು, ನಗು ಬಂದರೂ ಅವುಚಿಕೊಳ್ಳಬೇಕು. ನಗು ಬರುವಂಥದ್ದೇನೂ ಇರಲಿಲ್ಲ, ಅದು ಬೇರೆ ಮಾತು.

“ರೀ, ಏನಾದ್ರೂ ಸೂಚನೆ?” ಎಂದು ಹೆಂಡತಿ ಗಳಿಗೆಗೊಮ್ಮೆ ಕೇಳುತ್ತಿದ್ದರು.

“ಇಲ್ಲ ಕಣೇ.”

“ಇನ್ನೂ ಇಲ್ಲ ಅಕ್ಕ,” ಎಂದು ಭಾವಮೈದ ಫೋನಿನಲ್ಲಿ ಇನ್ಯಾರೋ ಅಕ್ಕನಿಗೆ ವರದಿ ಒಪ್ಪಿಸುತ್ತಿದ್ದ. ಮತ ಎಣಿಕೆಯ ಸುದ್ದಿ ಕೊಡುವವನ ಗತ್ತು ಅವನಿಗೆ. ನೆಂಟರಲ್ಲಿ ಒಬ್ಬರನ್ನೂ ಬಿಟ್ಟಿರಲಿಲ್ಲ ಮಹರಾಯ. ಯಾರ ಹೊಟ್ಟೆಯ ವಿಷಯವನ್ನು ಯಾರ ಮನೆಗೆ ಹೊತ್ತು ಹಾಕಬೇಕು ಅನ್ನುವ ವಿವೇಕ ಬೇಡವೇ?

ಪಕ್ಕದ ಮಂಚದಲ್ಲಿ ಟೈಲರ್ ಮಲಗಿದ್ದ. ಅವನಿಗೂ ಅದೇ ಆಪರೇಷನ್, ಮೇಷ್ಟ್ರಿಗಿಂತ ಒಂದು ದಿನ ಆಮೇಲೆ ಆದದ್ದು; ಅದೇ ಕಾಯುವಿಕೆ. ಆದರೆ ನಾಚಿಕೆ ಮಾತ್ರ ಅವನ ಹತ್ತಿರ ಸುಳಿದಿರಲಿಲ್ಲ. “ಕೈಹೊಲಿಗೆ ಮೇಷ್ಟ್ರೇ, ಮಿಷಿನ್ ಹೊಲಿಗೆ ಅಲ್ಲ. ಬಾಳಿಕೆ ಬರತ್ತೆ, ಹೆದರಬೇಡಿ. ಒಂದು ಲೋಟ ಗಂಜಿ ಕೊಡೋದಾದ್ರೆ ನಾನು ಯಾರ ಗಾಳಿ ಬೇಕಾದ್ರೂ ನಂದು ಅಂತೀನಿ ನೋಡಿ,” ಎಂದು ನಿಟ್ಟುಸಿರು ಬಿಟ್ಟ.

ಮೇಷ್ಟ್ರು ಆ ಕಡೆ ಮುಖ ತಿರುಗಿಸಿದರು. ಇಂಥ ಮಾತು ಅವರ ಕಿವಿಗೆ ಕಾದ ಸೀಸ. ಶಾಲೆಯ ಪ್ರಾರ್ಥನೆ ಸಾಲಿನಲ್ಲಿ ಅಪ್ಪಿತಪ್ಪಿ ಯಾವ ಮಗುವಿಂದಲಾದರೂ ಅಂಥ ಸದ್ದು ಬಂದರೆ ಅವರು ಪ್ರಾರ್ಥನೆಯನ್ನೇ ನಿಲ್ಲಿಸುತ್ತಿದ್ದರು. “ಯಾರದದು? ಮುಂದೆ ಬಾ!” ಯಾರೂ ಮುಂದೆ ಬರದಿದ್ದರೆ ಇಡೀ ಸಾಲು ಮೈದಾನ ಸುತ್ತಬೇಕು. ಅದು ಕಾನೂನು.

ಆ ಕಾನೂನಿನಡಿ ಸುತ್ತಿದವಳೊಬ್ಬಳು ಈಗ ಅದೇ ವಾರ್ಡಿನ ಸಿಸ್ಟರ್ ಆಗಿದ್ದಳು. ಸಲೈನ್ ಕಂಬವನ್ನು ತಳ್ಳಿಕೊಂಡು ಬಂದಳು.

“ಏಳಿ ಮೇಷ್ಟ್ರೇ, ಇನ್ನೊಂದು ರೌಂಡು.”

“ಈಗ ತಾನೇ ಬಂದೆನಲ್ಲಮ್ಮ. ಸುಸ್ತು.”

“ಸುಸ್ತು ಅನ್ನೋದು ಕಾಲಲ್ಲಿರಲ್ಲ, ತಲೇಲಿರತ್ತೆ ಅಂತಿದ್ರಲ್ಲ ನೀವು? ಒಂದಿನ ನಮ್ಮ ಸಾಲನ್ನ ಬಿಸಿಲು ನೆತ್ತಿಗೇರೋವರೆಗೂ ಓಡಿಸಿದ್ರಿ, ನೆನಪಿದೆಯಾ? ಯಾರೂ ಒಪ್ಕೊಳ್ಳಲಿಲ್ಲ ಅಂತ.”

ಮೇಷ್ಟ್ರು ಗಡಬಡಿಸಿ ಎದ್ದರು. “ನಡಿಯಮ್ಮ, ನಡಿ. ಹೊತ್ತಾಗತ್ತೆ.”

ಆಸ್ಪತ್ರೆಯ ಉದ್ದನೆಯ ಕಾರಿಡಾರಿನಲ್ಲಿ ಮೆರವಣಿಗೆ ಹೊರಟಿತು. ಮುಂದೆ ಭಾವಮೈದ, “ದಾರಿ ಬಿಡಿ, ದಾರಿ ಬಿಡಿ, ಇವರದ್ದು ಇನ್ನೂ ಆಗಿಲ್ಲ!” ಎಂದು ಕೂಗುತ್ತ. ನಡುವೆ ದಿಂಬು ಅವುಚಿಕೊಂಡ ಮೇಷ್ಟ್ರು. ಹಿಂದೆ ಹೆಂಡತಿ. ಬೆಂಚಿನ ಮೇಲಿದ್ದವರೆಲ್ಲ ಅಯ್ಯೋ ಪಾಪ ಎಂದು ಎದ್ದು ನಿಂತರು. ಅಷ್ಟರಲ್ಲಿ ಹಿಂದುಗಡೆಯಿಂದ ಭರ್ರನೆ ಒಂದು ಸದ್ದು.

“ಆಯ್ತು!” ಎಂದು ಭಾವಮೈದ ಫೋನ್ ಹಿಡಿದೇ ಕುಪ್ಪಳಿಸಿದ. “ಆಯ್ತು ಅಕ್ಕ, ಭಾವಂದು ಆಯ್ತು! ಎಲ್ಲರಿಗೂ ತಿಳಿಸಿಬಿಡು!” ಹೆಂಡತಿ ಕಣ್ಣೊರೆಸಿಕೊಂಡರು. ಯಾರೋ ಮುದುಕರು ಬಂದು ಮೇಷ್ಟ್ರ ಕೈ ಕುಲುಕಿದರು.

“ಅದು ಕುರ್ಚಿ!” ಎಂದು ಮೇಷ್ಟ್ರು ಗುಡುಗಿದರು. ಗುಡುಗಿದ ನೋವಿಗೆ ದಿಂಬು ಒತ್ತಿಕೊಂಡರು. “ಅಲ್ಯಾರೋ ಕುರ್ಚಿ ಎಳೆದ್ರು. ನಂದಲ್ಲ. ಇನ್ಮೇಲೆ ಎಲ್ಲಿ ಏನು ಸದ್ದಾದ್ರೂ ನನ್ನ ಮುಖ ನೋಡಕೂಡದು. ಮರ್ಯಾದೆ ಅನ್ನೋದು ಒಂದಿದೆ ನನಗೆ!”

ಸಂಜೆಯಾಯಿತು. ಡಾಕ್ಟರು ಬಂದರು. ಅವರ ಹಿಂದೆ ಕಲಿಯುವ ಡಾಕ್ಟರುಗಳು ಬಿಳಿ ಕೋಟು ತೊಟ್ಟು ಸಾಲಾಗಿ, ಕೈಕಟ್ಟಿ ನಿಂತರು. ಡಾಕ್ಟರು ತಲೆ ತಗ್ಗಿಸಿ ಚಾರ್ಟು ಓದತೊಡಗಿದರು. ಸೂಜಿ ಬಿದ್ದರೂ ಕೇಳುವಷ್ಟು ಮೌನ. ಮೇಷ್ಟ್ರು ಕಣ್ಣು ಮುಚ್ಚಿದರು. ಇನ್ನು ಆಪರೇಷನ್ ಥಿಯೇಟರೇ ಗತಿ ಎಂದು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡರು.

ಆಗ ಆಯಿತು. ಸಣ್ಣದೇನಲ್ಲ, ಅಷ್ಟು ದಿನ ತಡೆದದ್ದು ಹೇಗಿರಬೇಕೋ ಹಾಗೇ ಇತ್ತು.

ಡಾಕ್ಟರು ಸಂತೋಷದಿಂದ ತಲೆಯೆತ್ತಿ ಎರಡು ಮಂಚಗಳನ್ನೂ ನೋಡಿದರು. “ಯಾರದದು?”

ಆ ಸಾಲು. ಆ ಮೌನ. ಆ ಪ್ರಶ್ನೆ. ಮೇಷ್ಟ್ರ ಬುದ್ಧಿ ಎಚ್ಚರಗೊಳ್ಳುವ ಮೊದಲೇ ನಾಲಿಗೆ ಹೊರಟುಬಿಟ್ಟಿತ್ತು.

“ನಂದಲ್ಲ!”

“ನಂದು ಸಾರ್, ನಂದೇ!” ಎಂದು ಟೈಲರ್ ಕೈಯೆತ್ತಿದ.

“ಭೇಷ್! ಇವರಿಗೆ ಗಂಜಿ ತರಿಸಿ,” ಎಂದರು ಡಾಕ್ಟರು.

ಗಂಜಿ ಬಂತು. ಅದರ ಬಿಸಿ ಹಬೆ ಮೂಗಿಗೆ ಬಡಿದಾಗ ಮೇಷ್ಟ್ರಿಗೆ ತಾವು ಮಾಡಿಕೊಂಡ ಅನಾಹುತ ಪೂರ್ತಿಯಾಗಿ ತಿಳಿಯಿತು. “ಡಾಕ್ಟ್ರೇ... ಅದು ನಂದು.”

“ಏನ್ ಮೇಷ್ಟ್ರೇ, ಬಡವನ ಹೂಸಿಗೂ ಕನ್ನ ಹಾಕ್ತೀರಾ?” ಎಂದ ಟೈಲರ್, ಬಟ್ಟಲನ್ನು ಎದೆಗವುಚಿಕೊಂಡು.

“ರೀ, ಹಸಿವಾಗಿದೆ ಅಂತ ಸುಳ್ಳು ಹೇಳಬೇಡೀಪ್ಪ,” ಎಂದು ಹೆಂಡತಿ ಬಿಕ್ಕಿದರು. “ಜೀವದ ಪ್ರಶ್ನೆ ಇದು.”

“ಭಾವ, ಲೈನಲ್ಲಿ ಎಲ್ಲರೂ ಇದ್ದಾರೆ,” ಎಂದ ಭಾವಮೈದ. “ನಿಮ್ದು ಅನ್ಲೋ, ಅಲ್ಲ ಅನ್ಲೋ?”

ಡಾಕ್ಟರು ಕನ್ನಡಕ ತೆಗೆದು ಒರೆಸಿದರು. “ಯಾರದು ಅಂತ ಗ್ಯಾರಂಟಿಯಿಲ್ಲದೆ ಯಾರ ಹೊಟ್ಟೆಗೂ ಏನೂ ಹಾಕೋಕಾಗಲ್ಲ. ಗಂಜಿ ವಾಪಸ್ಸು. ಸಿಸ್ಟರ್, ಇಬ್ಬರನ್ನೂ ನಡೆಸಿ. ಬೆಳಗ್ಗೆವರೆಗೂ ಏನೂ ಆಗ್ಲಿಲ್ಲಾಂದ್ರೆ ಮೇಷ್ಟ್ರು ಥಿಯೇಟರಿಗೆ.”

ಟೈಲರ್‌ಗೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅವನು ಮೇಷ್ಟ್ರನ್ನು ನೋಡಿದ ನೋಟವನ್ನು ಬರೆಯುವುದು ಬೇಡ. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಮೇಷ್ಟ್ರಿಗೆ ಮಾಡಿದ್ದಷ್ಟೇ ಬಂತು, ಉಣ್ಣುವುದಕ್ಕೆ ಅಪ್ಪಣೆಯಿರಲಿಲ್ಲ.

ಸಿಸ್ಟರ್ ಸಲೈನ್ ಕಂಬ ತಿರುಗಿಸಿದಳು. ಮೇಷ್ಟ್ರು ಅವಳ ಕೈ ಹಿಡಿದುಕೊಂಡರು. ಕಣ್ಣಲ್ಲಿ ನೀರಿತ್ತು.

“ನೀನಾದ್ರೂ ನಂಬಮ್ಮ. ಅದು ಸತ್ಯವಾಗ್ಲೂ ನಂದೇ.”

“ನಂಗೊತ್ತು ಮೇಷ್ಟ್ರೇ,” ಎಂದಳು ಸಿಸ್ಟರ್, ದನಿ ತಗ್ಗಿಸಿ.

“ಹೇಗೆ ಗೊತ್ತು?”

“ಆವತ್ತು ನಮ್ಮ ಸಾಲನ್ನ ಓಡಿಸಿದ್ರಲ್ಲ, ಆ ದಿನ ಪ್ರಾರ್ಥನೇಲಿ ನಾನು ನಿಮ್ಮ ಹಿಂದೇನೇ ನಿಂತಿದ್ದೆ. ಆ ಸದ್ದು ಮರೆಯೋಕಾಗತ್ತಾ?”

ಮೇಷ್ಟ್ರ ಮುಖ ಬಿಳಿಚಿಕೊಂಡಿತು.

“ಡಾಕ್ಟ್ರ ಮುಂದೆ ಬೇಕಾದ್ರೆ ಸಾಕ್ಷಿ ಹೇಳ್ತೀನಿ,” ಎಂದಳು ಅವಳು. “ಆದ್ರೆ ನಿಂಗೆ ಹೇಗೆ ಗುರುತು ಸಿಕ್ತು ಅಂತ ಕೇಳ್ತಾರೆ. ಆಗ ಅದನ್ನೂ ಹೇಳಬೇಕಾಗತ್ತೆ. ಹೇಳ್ಲಾ?”

ಮೇಷ್ಟ್ರು ಹೆಂಡತಿಯನ್ನು ನೋಡಿದರು. ಭಾವಮೈದನ ಕೈಯಲ್ಲಿ ಬಾಯ್ತೆರೆದುಕೊಂಡಿದ್ದ ಫೋನನ್ನು ನೋಡಿದರು. ನೆಂಟರಿಷ್ಟರೆಲ್ಲ ಅದರೊಳಗೆ ಕಿವಿಯಿಟ್ಟುಕೊಂಡು ಕೂತಿದ್ದರು. ಆಮೇಲೆ ದಿಂಬು ಅವುಚಿಕೊಂಡು ಟೈಲರ್‌ನ ಹಿಂದೆ ಸಾಲಿನಲ್ಲಿ ನಿಂತರು.

“ಎಷ್ಟು ಸುತ್ತಮ್ಮ?”

“ಆವತ್ತು ನಮ್ಮ ಕೈಲಿ ಹಾಕಿಸಿದಷ್ಟೇ ಮೇಷ್ಟ್ರೇ.”