ಅತ್ತೆಯ ಸೆರಗು, ಗ್ರಹಣದ ಈಳಿಗೆಮಣೆ

ನಮ್ಮ ಸೋದರತ್ತೆ ನಕ್ಕಿದ್ದನ್ನು ನಾವು ಕೇಳಿದ್ದೇವೆಯೇ ಹೊರತು ನೋಡಿದವರಿಲ್ಲ! ಹುಟ್ಟಿನಿಂದಲೇ ಅವಳ ಮೇಲ್ದುಟಿ ಸೀಳು. ಅದರ ಮೇಲೆ ಸದಾ ಸೆರಗು. ಉಣ್ಣುವುದು ಗೋಡೆಗೆ ಮುಖ ಮಾಡಿ. ನಾಗಮಂಗಲದ ಒಂದು ಮದುವೆಯಲ್ಲಿ ಫೋಟೋದವನು ಕರೆದದ್ದೇ ತಡ, ಎಮ್ಮೆಗೆ ಹುಲ್ಲು ಹಾಕಬೇಕೆಂದು ಎದ್ದು ಹೋದಳು. ಎಮ್ಮೆ ಇದ್ದದ್ದು ಕ್ಯಾತನಹಳ್ಳಿಯ ಅವಳ ಮನೆಯಲ್ಲಿ! ಅವಳ ಅವ್ವ ತೀರಿದ ಮೇಲೆ ಆ ಮನೆಯಲ್ಲಿ ಇದ್ದದ್ದೂ ಅವರಿಬ್ಬರೇ, ಅವಳು ಮತ್ತು ಎಮ್ಮೆ.

ಬಸುರಿಯಾಗಿದ್ದಾಗ ಅವಳ ಅವ್ವ, ಅಂದರೆ ನಮ್ಮಜ್ಜಿ, ಗ್ರಹಣದ ಹೊತ್ತು ಸೋರೆಕಾಯಿ ಹೆಚ್ಚಿದ್ದಳಂತೆ, ಅದಕ್ಕೇ ಹೀಗಾಯಿತಂತೆ. ಊರು ಹೇಳಿತು, ಅತ್ತೆ ನಂಬಿದಳು. ಅಜ್ಜಿ ಸಾಯುವವರೆಗೂ ಸೋರೆಕಾಯಿ ಮುಟ್ಟಲಿಲ್ಲ. ಅವ್ವ ಮಗಳು ಒಂದೇ ಸೂರಿನಡಿ ಇದ್ದರೂ ಮಾತು ಅಷ್ಟಕ್ಕಷ್ಟೇ.

ಹಾಗಾಗಿ ನಂಟರಲ್ಲಿ ಯಾರಾದರೂ ಬಸುರಿ ಇದ್ದು ಗ್ರಹಣ ಬಂತೆಂದರೆ ಅತ್ತೆ ಮೊದಲ ಬಸ್ಸಿಗೇ ಹಾಜರು. ಈ ಸಲ ವಾಂತಿ ತಾಳಲಾರದೆ ನನ್ನ ಮಗಳು ಶ್ರೀರಂಗಪಟ್ಟಣದ ನಮ್ಮ ಮನೆಗೆ ಬಂದಿದ್ದಳು. ಗ್ರಹಣದ ದಿನ ಅತ್ತೆ ಈಳಿಗೆಮಣೆ, ಚಾಕು, ಕತ್ತರಿ, ಕೊನೆಗೆ ಉಗುರು ಕತ್ತರಿಸುವುದನ್ನೂ ಚೀಲಕ್ಕೆ ತುಂಬಿ, ಅದನ್ನು ಮಡಿಲಲ್ಲಿಟ್ಟುಕೊಂಡು ಮಗಳ ಪಕ್ಕ ಕುಳಿತಳು. ನಮ್ಮೆಜಮಾನರ ರೇಜರನ್ನೂ ಬಿಡಲಿಲ್ಲ. ಅವರು ಅರ್ಧ ಗಡ್ಡದಲ್ಲೇ ತಾಲ್ಲೂಕು ಕಚೇರಿಗೆ ಹೋದರು! ಅಂದು ನಮ್ಮ ಸಾರಿನಲ್ಲಿ ಬದನೆಕಾಯಿಗಳು ಇಡಿಯಾಗಿ ತೇಲುತ್ತಿದ್ದವು.

ಐದನೇ ತಿಂಗಳ ಸ್ಕ್ಯಾನಿಂಗಿನಲ್ಲಿ ಡಾಕ್ಟರಿಗೆ ಏನೋ ಅನುಮಾನ ಬಂದು ಮೈಸೂರಿಗೆ ಕಳಿಸಿದರು. ಅಲ್ಲಿ ತ್ರೀಡಿ ಸ್ಕ್ಯಾನ್. ಮಾಮೂಲಿ ಸ್ಕ್ಯಾನಿನ ಮಬ್ಬು ನೆರಳಲ್ಲ, ಜೇಡಿಮಣ್ಣಿನಲ್ಲಿ ತಿದ್ದಿದಂಥ ಪುಟ್ಟ ಮುಖ. ಮೂಗಿನ ಕೆಳಗೆ ಒಂದು ಸೀಳು. ಹುಟ್ಟಿದ ಕೆಲವು ತಿಂಗಳಿಗೆ ಹೊಲಿಯಬಹುದು, ಇದರಲ್ಲಿ ಯಾರ ತಪ್ಪೂ ಇಲ್ಲ ಎಂದರು ಡಾಕ್ಟರು. ಮಗಳು ಮಾತ್ರ ದಾರಿಯುದ್ದಕ್ಕೂ ಅತ್ತಳು.

ಮನೆಗೆ ಬಂದರೆ ತುಪ್ಪದ ಡಬ್ಬಿ ಹಿಡಿದು ಅತ್ತೆ ಜಗಲಿಯಲ್ಲಿ! ಸ್ಕ್ಯಾನಿನ ಚಿತ್ರ ಅವಳಿಗೆ ತೋರಿಸಬೇಡ ಎಂದು ನಾನು ಮಗಳಿಗೆ ಕಣ್ಸನ್ನೆ ಮಾಡಿದೆ. ಮಗಳು ತೋರಿಸಿಯೇಬಿಟ್ಟಳು. ಅತ್ತೆ ಚಿತ್ರವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಗ್ರಾಣದ ದಿನ ಕತ್ತಿಗಿತ್ತಿ ಏನಾರ ಮುಟ್ಟಿದ್ಯೇನವ್ವಾ?"

"ಎಲ್ಲಿಂದ ಮುಟ್ಲಜ್ಜಿ? ಎಲ್ಲಾನೂ ನೀನೇ ಮಡಿಲಲ್ಲಿ ಮಡೀಕಂಡು ಕುಂತಿದ್ದಲ್ಲ!"

ಹೌದಲ್ಲ! ಕಾವಲು ಕೂತವಳು ಅವಳೇ. ಅತ್ತೆ ಚಿತ್ರದಿಂದ ಕಣ್ಣು ತೆಗೆಯಲಿಲ್ಲ.

"ಅಂಗಾರೆ ನಮ್ಮವ್ವ ಏನೂ ಮಾಡಿರ್ನಿಲ್ಲ," ಎಂದಳು, ಯಾರಿಗೂ ಅಲ್ಲ ಎಂಬಂತೆ.

ಸೆರಗು ಜಾರಿತು. ಎತ್ತಿಕೊಳ್ಳಲಿಲ್ಲ.

ನಾನು ಒಳಗೆ ಹೋಗಿ ತಟ್ಟೆಗಳನ್ನಿಟ್ಟೆ. ಅತ್ತೆಯದನ್ನು ಎಂದಿನಂತೆ ಗೋಡೆಯ ಕಡೆಗೇ ಇಟ್ಟೆ. ಅವಳು ಅದನ್ನೆತ್ತಿ ಮಗಳ ಎದುರಿಗೆ ತಂದಿಟ್ಟುಕೊಂಡು, ಬರಿಯ ಮುಖದಲ್ಲೇ ಕುಳಿತಳು.

"ನಿನ್ ಕೂಸ್ನ ಗ್ವಾಡೆ ಕಡೀಕ್ ಕೂರುಸ್ಬ್ಯಾಡ ಕನವ್ವಾ," ಎಂದು ಮೊದಲ ತುತ್ತು ಕಲಸಿದಳು.