ಹೊರಟವರು ತಿರುಗಿ ಬಾರದ ಸಿನಿಮಾ

ನಮ್ಮ ಚಿಕ್ಕಿಯ ಸಿನಿಮಾಗಳಲ್ಲಿ ಹೊರಟವರು ಯಾರೂ ವಾಪಸು ಬರುವುದಿಲ್ಲ! ಗಾಬರಿಯಾಗಬೇಡಿ, ಯಾರೂ ಸಾಯುವುದೂ ಇಲ್ಲ. ಚಿಕ್ಕಿ ಎಂದರೆ ನನ್ನ ಆಯಿಯ, ಅಂದರೆ ಅಮ್ಮನ ತಂಗಿ, ಯಲ್ಲಾಪುರದ ಅಜ್ಜನ ಮನೆಯಲ್ಲೇ ಉಳಿದವಳು. ಐವತ್ತೇಳರ ವಯಸ್ಸಿನಲ್ಲಿ ಅವಳು ಮೊಬೈಲಿಗೆ ಹಾಕಿಸಿಕೊಂಡದ್ದು ಹೊಸಬರಿಗೆಂದೇ ಮಾಡಿದ, ಕಾರ್ಟೂನ್ ಸಿನಿಮಾ ತಯಾರಿಸುವ ಆ್ಯಪು. ಅದರಲ್ಲಿರುವುದು ಮೂರೇ ಗೊಂಬೆ: ಟೊಪ್ಪಿ ಹಾಕಿದ ಅಡುಗೆಭಟ್ಟ, ಪೋಲೀಸು, ಕೋಳಿ. ಮೂರೂ ಎಡದಿಂದ ಬಲಕ್ಕೆ ನಡೆಯುತ್ತವೆ, ತಿರುಗಲು ಮಾತ್ರ ಬರುವುದಿಲ್ಲ.

"ಬೇರೆ ಆ್ಯಪ್ ಹಾಕ್ಕೊಡ್ಲಾ ಚಿಕ್ಕಿ?" ಎಂದೆ.

"ಬ್ಯಾಡ್ದೇ ಕೂಸೆ. ಇದ್ದದ್ರಲ್ಲೇ ಮಾಡವು, ಅದ್ರಲ್ಲೇ ಮಜ!"

ಮೊದಲ ಚಿತ್ರ ಮಾವಿನಕಾಯಿಯ ಅಪ್ಪೆಹುಳಿ ಮಾಡುವ ವಿಧಾನ. ನೀರಿಗೆ ಹೋದ ಭಟ್ಟ ಬಲಕ್ಕೆ ಮಾಯವಾದ. ಸ್ವಲ್ಪ ಹೊತ್ತಿಗೆ ಎಡಗಡೆಯಿಂದ ಇನ್ನೊಬ್ಬ ಭಟ್ಟ ಕೊಡ ಹೊತ್ತು ಬಂದ!

"ಮೊದಲಿನಂವ ಎಲ್ಲಿ ಹೋದ?"

"ಅಂವ ಇವನ ತಮ್ಮ. ಬಾವಿಕಟ್ಟೆ ಮೇಲೆ ಎಲೆಯಡಿಕೆ ಕವಳ ಹಾಕ್ತಾ ಕೂತಿದ್ದ!"

ಇದಕ್ಕೆ ಏನು ಹೇಳುತ್ತೀರಿ? ಹೆಲ್ಮೆಟ್ಟಿಲ್ಲದೆ ಓಡಾಡಿ, ಪೋಲೀಸರನ್ನು ಕಂಡೊಡನೆ ಸ್ಕೂಟರ್ ತಿರುಗಿಸುವ ನಮ್ಮ ಚಿಕ್ಕಪ್ಪನಿಗೇ, ಅಂದರೆ ಅಪ್ಪನ ತಮ್ಮನಿಗೇ, ಮುಂದಿನ ಚಿತ್ರದಲ್ಲಿ ಪೋಲೀಸನ ಪಾತ್ರ ಸಿಕ್ಕಿತು. ಅವರು ಒಂದು ವಾರ ಸೆಲ್ಯೂಟ್ ಹೊಡೆಯುತ್ತ ಓಡಾಡಿದರು.

ಎಡವಟ್ಟಾದದ್ದು ಶಿರಸಿಯ ನಮ್ಮ ಮನೆಯಲ್ಲಿ, ಆಯಿಗೆ ಅರವತ್ತು ತುಂಬಿದ ದಿನ. ಚಿಕ್ಕಿ ಅಕ್ಕನ ಜೀವನಚರಿತ್ರೆಯನ್ನೇ ಮಾಡಿ ತಂದಿದ್ದಳು. ಆಯಿ ಆಗಿದ್ದು ಕೋಳಿ! ನೆಂಟರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು, ಆಯಿಯೂ ನಕ್ಕಳು. ಮದುವಣಗಿತ್ತಿ ಕೋಳಿ ತವರುಮನೆಯಿಂದ ಬಲಕ್ಕೆ ಹೊರಟಿತು, ಹೋಯಿತು. ಚಿತ್ರ ಮುಗಿಯುವವರೆಗೂ ತವರಿಗೆ ಕಾಲಿಡಲೇ ಇಲ್ಲ.

ಆಯಿಯ ನಗು ನಿಂತಿತು. "ಅಪ್ಪಯ್ಯ ಹಾಸಿಗೆ ಹಿಡಿದಾಗ ವಾರವಾರ ಬಸ್ಸು ಹತ್ತಿ ಬಂದಿದ್ದೆಲ್ಲ ಲೆಕ್ಕಕ್ಕಿಲ್ಯನೇ?"

"ಅಕ್ಕಾ, ಆ ಕೋಳಿಗೆ ತಿರುಗೂಲೆ ಬತ್ತಿಲ್ಲೆ..."

"ಹಂಗಾರೆ ಇನ್ನು ಆನೂ ಬತ್ತಿಲ್ಲೆ."

ಅಜ್ಜ ಅಜ್ಜಿ ತೀರಿದ ಮೇಲೆ ಆಯಿಗೆ ತವರೆಂದರೆ ಚಿಕ್ಕಿಯೊಬ್ಬಳೇ. ಆದರೂ ಆಯಿ ಎರಡು ತಿಂಗಳು ಯಲ್ಲಾಪುರಕ್ಕೆ ಹೋಗಲಿಲ್ಲ, ಅವಳ ಫೋನನ್ನೂ ಎತ್ತಲಿಲ್ಲ. ಮನೆಯಲ್ಲಿ ಯಾರಿಗೂ ಊಟ ರುಚಿಸುತ್ತಿರಲಿಲ್ಲ, ನನಗಂತೂ ಸಂಕಟವೋ ಸಂಕಟ.

ಕೊನೆಗೊಂದು ಬೆಳಿಗ್ಗೆ ಚಿಕ್ಕಿ ನನ್ನ ಫೋನಿಗೆ ಅರ್ಧ ನಿಮಿಷದ ಚಿತ್ರ ಕಳಿಸಿದಳು. ಬೇಡಬೇಡವೆಂದರೂ ಆಯಿಯ ಮುಂದೆ ಹಿಡಿದೆ. ಕೋಳಿ ಒಂಟಿಯಾಗಿ ನಿಂತಿದೆ. ಅದು ನಡೆಯಲೂ ಇಲ್ಲ, ತಿರುಗಲೂ ಇಲ್ಲ. ಬಲಗಡೆಯಿಂದ ಅಜ್ಜನ ಮನೆಯೇ ಮೆಲ್ಲಗೆ ಜಾರಿಕೊಂಡು ಬಂತು! ಹೆಂಚಿನ ಮಾಡು, ಹಲಸಿನ ಮರ, ಮೆಟ್ಟಿಲು ಎಲ್ಲ ಅಲುಗಾಡುತ್ತ ಬಂದು ಕೋಳಿಯ ಎದುರು ನಿಂತವು. ಬಾಗಿಲು ತೆರೆಯಿತು.

ಆಯಿ ಮೂರು ಸಲ ನೋಡಿದಳು. ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನೂ ಅಳುತ್ತಿದ್ದೆ.

"ಹುಚ್ಚುಕೂಸು! ಅಷ್ಟು ದೊಡ್ಡ ಮನೆ ಎಳ್ಕಂಡು ಎಷ್ಟು ದೂರ ಅಂತ ಬತ್ತು ಅದು?" ಎಂದಳು. "ಯಲ್ಲಾಪುರದ ಬಸ್ಸು ಎಷ್ಟೊತ್ತಿಗಿದ್ದು, ನೋಡು."